ಗಾಳಿ ತಗ್ಗಿದ ಮೇಲೂ ತಗ್ಗದ ಮಳೆ

ಚಂಡಮಾರುತದ ವಿಷಯದಲ್ಲಿ ನಮಗೆ ಒಂದು ಸಮಾಧಾನ ರೂಢಿಯಾಗಿದೆ. ಬಂಗಾಳ ಕೊಲ್ಲಿಯಲ್ಲಿ ಎದ್ದದ್ದು ಆಂಧ್ರಕ್ಕೋ ತಮಿಳುನಾಡಿಗೋ ಅಪ್ಪಳಿಸುತ್ತದೆ. ಮಾರನೆಯ ದಿನ ‘ದುರ್ಬಲಗೊಂಡು ವಾಯುಭಾರ ಕುಸಿತವಾಗಿ ಮಾರ್ಪಟ್ಟಿದೆ’ ಎಂದು ಪತ್ರಿಕೆಯಲ್ಲಿ ಬರುತ್ತದೆ. ಕೋಲಾರ, ಬೆಂಗಳೂರಿನ ಕಡೆ ಎರಡು ದಿನ ಮೋಡ ಕವಿದು, ಜಿಟಿಜಿಟಿ ಮಳೆ ಹಿಡಿದು ಬಿಡುತ್ತದೆ. ಬೆಚ್ಚಗಿನ ಸಮುದ್ರ ಕಾಲಡಿಯಿಂದ ಸರಿದ ಮೇಲೆ ಚಂಡಮಾರುತಕ್ಕೆ ಬದುಕಿಲ್ಲ ಎಂಬುದು ನಮ್ಮ ಅನುಭವವೂ ಹೌದು, ಶಾಲೆಯ ಪಾಠವೂ ಹೌದು.

ಭೂಪಟದಲ್ಲಿ ಇನ್ನೂ ಮೇಲಕ್ಕೆ, 35ರಿಂದ 45 ಡಿಗ್ರಿ ಅಕ್ಷಾಂಶದ ಕಡೆ ಹೋದರೆ ಈ ಪಾಠ ಸಾಲದು. ಉಷ್ಣವಲಯದಿಂದ ಬಂದ ಚಂಡಮಾರುತ ಅಲ್ಲಿ ಸಾಯುವ ಬದಲು ಬೇರೆ ಜಾತಿಯದೇ ಆಗಿ ಮತ್ತೆ ಚಿಗುರಿಕೊಳ್ಳಬಹುದು. ಗಾಳಿಯ ಅಂಕಿ ಇಳಿಯುತ್ತಿರುವಾಗಲೇ ಮಳೆಯ ಅಂಕಿ ಏರಬಹುದು. ಈ ಬದಲಾವಣೆ ಯಾವ ಹೊತ್ತಿಗೆ ಶುರುವಾಯಿತು, ಯಾವಾಗ ಮುಗಿಯಿತು, ಮಳೆ ಯಾವ ಮಗ್ಗುಲಿಗೆ ಸರಿಯಿತು ಎಂದು ನಕಾಶೆಯ ಮೇಲೆ ಓದಿ ಹೇಳುವುದು ಹವಾಮಾನ ಮುನ್ಸೂಚಕರ ಕಸುಬಿನಲ್ಲಿ ಬಲು ಕಷ್ಟದ ಕೆಲಸ. ಸುಮಾರು ಎಪ್ಪತ್ತು ವರ್ಷಗಳಲ್ಲಿ ಅವರು ಈ ಓದನ್ನು ಕಲಿತುಕೊಂಡ ಬಗೆ ನೋಡಿದರೆ ನನಗೆ ಆ ಕಸುಬಿನ ಮೇಲೆ ಅಪಾರ ಗೌರವ ಬರುತ್ತದೆ. ಅದು ಹೇಗೆ ನಡೆಯುತ್ತದೆ ಎಂದು ಸಾವಧಾನವಾಗಿ ಬಿಡಿಸಿ ಹೇಳಬೇಕೆಂಬ ಆಸೆಯಿಂದಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೇಜಲ್‌ನ ಮಾತು. 1954ರ ಅಕ್ಟೋಬರ್ ಮೊದಲ ವಾರ ಕೆರಿಬಿಯನ್ ದ್ವೀಪಗಳ ಹತ್ತಿರ ಎದ್ದ ಹರಿಕೇನ್ ಅದು. ಅಟ್ಲಾಂಟಿಕ್ ಕಡೆ ತೀವ್ರ ಚಂಡಮಾರುತವನ್ನು ಹರಿಕೇನ್ ಎನ್ನುತ್ತಾರೆ. ಹೈಟಿಯಲ್ಲಿ ನೂರಾರು ಜನರನ್ನು ಬಲಿ ತೆಗೆದುಕೊಂಡ ಹೇಜಲ್, 15ನೇ ತಾರೀಕು ಶುಕ್ರವಾರ ಬೆಳಿಗ್ಗೆ ಅಮೆರಿಕದ ಉತ್ತರ ಮತ್ತು ದಕ್ಷಿಣ ಕ್ಯಾರೊಲಿನಾ ರಾಜ್ಯಗಳ ಗಡಿಯಲ್ಲಿ ನೆಲ ಮುಟ್ಟಿತು. ನಮ್ಮ ಲೆಕ್ಕದಲ್ಲಿ ಅಲ್ಲಿಗೆ ಅದರ ಕಥೆ ಮುಗಿಯಬೇಕಿತ್ತು. ಅದು ಗಂಟೆಗೆ 80 ಕಿ.ಮೀ. ಮೀರಿದ ವೇಗದಲ್ಲಿ ಉತ್ತರಕ್ಕೆ ಓಡಿತು. ವಾಷಿಂಗ್ಟನ್‌ನಲ್ಲಿ ಗಾಳಿಯ ಹೊಡೆತ ಗಂಟೆಗೆ 150 ಕಿ.ಮೀ. ದಾಟಿತು. ಅದೇ ರಾತ್ರಿ, ನೆಲ ಮುಟ್ಟಿದ ಜಾಗದಿಂದ ಸಾವಿರ ಕಿ.ಮೀ.ಗೂ ಆಚೆ, ಕೆನಡಾದ ಟೊರಾಂಟೊ ನಗರವನ್ನು ಹಿಡಿಯಿತು.

ಟೊರಾಂಟೊದ ಹವಾಮಾನ ಕಚೇರಿ ಕಣ್ಣು ಮುಚ್ಚಿ ಕೂತಿರಲಿಲ್ಲ. ವಿಶೇಷ ಪ್ರಕಟಣೆಗಳನ್ನು ಹೊರಡಿಸಿತ್ತು. ನಡುವೆ ಅಲೆಗೆನಿ ಬೆಟ್ಟಸಾಲು ಇದೆ, ಅದು ಬಿರುಗಾಳಿಯ ಕಸುವು ಮುರಿಯಬಹುದು ಅಥವಾ ದಿಕ್ಕು ತಿರುಗಿಸಬಹುದು ಎಂದಿತ್ತು. ರಾತ್ರಿಯ ಪ್ರಕಟಣೆಯಲ್ಲಿ, ಇದನ್ನಿನ್ನು ಹರಿಕೇನ್ ಎನ್ನುವಂತಿಲ್ಲ, ಮಧ್ಯರಾತ್ರಿಯೊಳಗೆ ದಾಟಿಹೋಗುತ್ತದೆ, ಆಮೇಲೆ ಮುಖ್ಯ ಮಳೆ ನಿಲ್ಲುತ್ತದೆ ಎಂದು ತಿಳಿಸಿತು. ಹರಿಕೇನ್ ಅಲ್ಲ ಎಂಬ ಮಾತು ಸರಿಯಾಗಿಯೇ ಇತ್ತು. ಆದರೆ ಆ ಮಾತು ಕೇಳಿ ಮಲಗಿದವರ ಮನೆಗಳ ಹಿಂದೆ ಹಂಬರ್ ನದಿ ಏರುತ್ತಿತ್ತು. ನಗರದ ವಾಯವ್ಯಕ್ಕಿರುವ ಬ್ರಾಂಪ್ಟನ್ ಸುತ್ತಮುತ್ತ 200 ಮಿ.ಮೀ. ದಾಟಿ ಮಳೆ ಸುರಿದಿತ್ತು. ಅದಕ್ಕೆ ಮುಂಚಿನ ದಿನಗಳ ಮಳೆಗೆ ನೆಲ ನೆನೆದು ತಣಿದಿದ್ದರಿಂದ ಬಿದ್ದ ನೀರಿನಲ್ಲಿ ಬಹುಪಾಲು ನೇರ ಹಳ್ಳಗಳಿಗೆ ಇಳಿಯಿತು. ರೇಮೋರ್ ಡ್ರೈವ್ ಎಂಬ ಒಂದೇ ಬೀದಿಯಲ್ಲಿ 35 ಜನ ಸತ್ತರು. ಒಂಟಾರಿಯೊ ಪ್ರಾಂತ್ಯದಲ್ಲಿ ಒಟ್ಟು 81 ಸಾವು.

ಹರಿಕೇನ್ ಅಲ್ಲದ್ದು ಇಷ್ಟು ಮಳೆ ಹೇಗೆ ಸುರಿಸಿತು? ಇದಕ್ಕೆ ಉತ್ತರ ಬೇಕಾದರೆ ಎರಡು ಬಗೆಯ ಬಿರುಗಾಳಿಗಳ ಒಳಗನ್ನು ನೋಡಬೇಕು.

ಉಷ್ಣವಲಯದ ಚಂಡಮಾರುತದ ಹೊಟ್ಟೆ ಬಿಸಿ. ಸಮುದ್ರದ ನೀರು ಆವಿಯಾಗಿ ಮೇಲೇರುತ್ತದೆ, ಮೇಲೆ ಮೋಡವಾಗುವಾಗ ಆವಿಯಲ್ಲಿ ಅಡಗಿದ್ದ ಶಾಖ ಬಿಡುಗಡೆಯಾಗುತ್ತದೆ. ಒಂದು ಕಿಲೋ ಆವಿ ನೀರಾಗುವಾಗ ಸುಮಾರು 25 ಲಕ್ಷ ಜೂಲ್ ಶಾಖ ಹೊರಬರುತ್ತದೆ. ಆ ಶಾಖದಿಂದ ನಡುವಿನ ಗಾಳಿ ಸುತ್ತಲಿನ ಗಾಳಿಗಿಂತ ಬೆಚ್ಚಗಾಗಿ, ಹಗುರಾಗಿ, ತಳದಲ್ಲಿ ವಾಯುಭಾರ ಕುಸಿಯುತ್ತದೆ, ಸುತ್ತಲಿಂದ ಗಾಳಿ ನುಗ್ಗುತ್ತದೆ. ಇದರ ಸುತ್ತು ಹೆಚ್ಚುಕಡಿಮೆ ದುಂಡಗೆ. ಗಾಳಿ ನೆಲಕ್ಕೆ ಹತ್ತಿರವಿದ್ದಷ್ಟೂ ಬಿರುಸು, ಎತ್ತರಕ್ಕೆ ಹೋದಷ್ಟೂ ಮಂದ.

ಸಮಶೀತೋಷ್ಣ ವಲಯದ ಬಿರುಗಾಳಿಯ ರೀತಿ ಬೇರೆ. ಅದಕ್ಕೆ ಬೆಚ್ಚಗಿನ ಸಮುದ್ರವೇ ಬೇಕೆಂದಿಲ್ಲ. ಅಕ್ಕಪಕ್ಕದಲ್ಲಿ ಒಂದು ಕಡೆ ತಣ್ಣನೆಯ ಗಾಳಿ, ಇನ್ನೊಂದು ಕಡೆ ಬಿಸಿ ಗಾಳಿ ಇದ್ದರೆ ಸಾಕು. ಭಾರವಾದ ತಂಪು ಗಾಳಿ ಕೆಳಗಿಳಿಯುತ್ತದೆ, ಬಿಸಿ ಗಾಳಿ ಅದರ ಮೇಲೆ ಏರುತ್ತದೆ, ಆ ಏರಿಳಿತದಲ್ಲಿ ಹುಟ್ಟುವ ಶಕ್ತಿಯೇ ಬಿರುಗಾಳಿಯಾಗುತ್ತದೆ. ಎರಡೂ ಗಾಳಿಗಳು ಮುಖಾಮುಖಿಯಾಗುವ ಗಡಿಯನ್ನು ಫ್ರಂಟ್ ಎನ್ನುತ್ತಾರೆ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ನಾರ್ವೆಯ ಬರ್ಗೆನ್ ಪಟ್ಟಣದಲ್ಲಿ ವಿಲ್ಹೆಲ್ಮ್ ಬ್ಯರ್ಕ್ನೆಸ್ ಮತ್ತು ಅವರ ಜೊತೆಗಾರರು ಈ ಚಿತ್ರವನ್ನು ಕಟ್ಟಿದರು. ಇಲ್ಲಿ ಗಾಳಿ ಎತ್ತರಕ್ಕೆ ಹೋದಂತೆ ಬಿರುಸಾಗುತ್ತದೆ. ಹತ್ತು ಕಿ.ಮೀ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಗಂಟೆಗೆ 200 ಕಿ.ಮೀ. ಮೀರಿ ಹರಿಯುವ ಜೆಟ್ ಸ್ಟ್ರೀಮ್ ಇರುವುದು ಇದೇ ವಲಯದಲ್ಲಿ.

ಒಂದು ಸಮುದ್ರದ ಶಾಖವನ್ನು ನಂಬಿದ್ದು, ಇನ್ನೊಂದು ತಂಪು-ಬಿಸಿಯ ವ್ಯತ್ಯಾಸವನ್ನು ನಂಬಿದ್ದು. ಒಂದೇ ಬಿರುಗಾಳಿ ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಹಿಡಿಯುವುದೇ ನಾವು ನೋಡಬೇಕಾದ ರೂಪಾಂತರ.

ಅದು ಹೀಗೆ ನಡೆಯುತ್ತದೆ. ಉಷ್ಣವಲಯದಲ್ಲಿ ಪಶ್ಚಿಮಕ್ಕೆ ಮೆಲ್ಲಗೆ ಸಾಗುವ ಚಂಡಮಾರುತ ಉತ್ತರಕ್ಕೆ ಹೊರಳಿ ಪಶ್ಚಿಮ ಮಾರುತಗಳ ಕೈಗೆ ಸಿಕ್ಕುತ್ತದೆ. ಗಂಟೆಗೆ 15–20 ಕಿ.ಮೀ. ಹೋಗುತ್ತಿದ್ದದ್ದು 60, 80 ಕಿ.ಮೀ. ಓಡತೊಡಗುತ್ತದೆ. ಕೆಳಗಿನ ಸಮುದ್ರ ತಣ್ಣಗಾಗುತ್ತಾ ಬರುತ್ತದೆ. ಮೇಲಿನ ಗಾಳಿಯ ವೇಗವೂ ಕೆಳಗಿನ ಗಾಳಿಯ ವೇಗವೂ ಬೇರೆಬೇರೆಯಾಗಿ, ನೆಟ್ಟಗೆ ನಿಂತಿದ್ದ ಸುಳಿ ಒಂದು ಪಕ್ಕಕ್ಕೆ ವಾಲುತ್ತದೆ. ಪಶ್ಚಿಮ ಮತ್ತು ದಕ್ಷಿಣದ ಮಗ್ಗುಲಿನಿಂದ ಒಣಗಿದ ತಂಪು ಗಾಳಿ ಒಳನುಗ್ಗಿ ಆ ಕಡೆಯ ಮೋಡಗಳನ್ನು ಕರಗಿಸುತ್ತದೆ. ಉಪಗ್ರಹದ ಚಿತ್ರದಲ್ಲಿ ದುಂಡಗೆ ಕಾಣುತ್ತಿದ್ದ ಮೋಡದ ರಾಶಿ ಅಲ್ಪವಿರಾಮದ ಆಕಾರಕ್ಕೆ ಹಿಂಜಿಕೊಳ್ಳುತ್ತದೆ. ಪೂರ್ವದ ಮಗ್ಗುಲಿನಲ್ಲಿ ಮಾತ್ರ ದಕ್ಷಿಣದಿಂದ ಬರುವ ಬೆಚ್ಚಗಿನ ನೀರಾವಿಯ ಹರಿವು ನಿಂತಿರುವುದಿಲ್ಲ. ಅದು ಸುಳಿಯನ್ನು ಸುತ್ತಿ ಉತ್ತರಕ್ಕೆ ಹೋಗಿ, ಅಲ್ಲಿ ನೆಲ ಹಿಡಿದು ಮಲಗಿರುವ ತಂಪು ಗಾಳಿಗೆ ಎದುರಾಗುತ್ತದೆ.

ಇಲ್ಲಿ ಆಗುವುದನ್ನು ನಮ್ಮ ಮಲೆನಾಡಿನವರಿಗೆ ವಿವರಿಸುವುದು ಸುಲಭ. ಅರಬ್ಬಿ ಸಮುದ್ರದ ನೀರಾವಿ ಘಟ್ಟಕ್ಕೆ ಬಡಿದು ಮೇಲೇರುವುದರಿಂದಲೇ ಆಗುಂಬೆಯಲ್ಲಿ ಆ ಪರಿ ಮಳೆ. ಟೊರಾಂಟೊದ ಮೇಲೆ ಅಂಥ ಘಟ್ಟವಿಲ್ಲ, ಆದರೆ ತಂಪು ಗಾಳಿಯ ರಾಶಿಯೇ ಘಟ್ಟದ ಕೆಲಸ ಮಾಡುತ್ತದೆ. ಇದರ ಇಳಿಜಾರು ಸಹ್ಯಾದ್ರಿಯಷ್ಟು ಕಡಿದಾಗಿರುವುದಿಲ್ಲ, ನೂರಾರು ಕಿ.ಮೀ. ಅಗಲಕ್ಕೆ ಚಾಚಿದ ನಿಧಾನದ ಏರು. ನಿಧಾನದ ಏರಾದ್ದರಿಂದಲೇ ಮಳೆ ಒಂದು ಗುಡುಗಿನ ಆರ್ಭಟಕ್ಕೆ ಮುಗಿಯದೆ ಸಾವಿರಾರು ಚದರ ಕಿ.ಮೀ. ಮೇಲೆ ಒಂದೇ ಸಮನೆ ಹೊಯ್ಯುತ್ತದೆ. ಹೇಜಲ್ ಬರುವ ಹೊತ್ತಿಗೆ ಒಂಟಾರಿಯೊದ ಮೇಲೆ ಅಂಥ ತಂಪು ಫ್ರಂಟ್ ಬಂದು ಕೂತಿತ್ತು. ಅಲೆಗೆನಿ ಬೆಟ್ಟಗಳು ಬಿರುಗಾಳಿಯನ್ನು ಮುರಿಯಲಿಲ್ಲ, ಈ ಫ್ರಂಟ್ ಅದಕ್ಕೆ ಹೊಸ ಆಹಾರ ಕೊಟ್ಟಿತು.

ಹೇಜಲ್‌ನ ಒಳಗೆ ನಡೆದದ್ದನ್ನು ಲೆಕ್ಕ ಹಾಕಿ ತೋರಿಸಿದವರು ಎರಿಕ್ ಪಾಲ್ಮೆನ್ ಎಂಬ ಫಿನ್‌ಲೆಂಡಿನ ವಿಜ್ಞಾನಿ. ಅವರ ಹಿನ್ನೆಲೆಯೇ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. ಚಂಡಮಾರುತ ಹುಟ್ಟಬೇಕಾದರೆ ಸಮುದ್ರದ ಮೇಲ್ಮೈ ಸುಮಾರು 26–27 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿರಬೇಕು ಎಂದು 1948ರಲ್ಲಿ ತೋರಿಸಿದವರು ಅವರೇ. ಶಿಕಾಗೊದಲ್ಲಿ ಕಾರ್ಲ್ ಗುಸ್ತಾಫ್ ರಾಸ್ಬಿಯವರ ಬಳಗದ ಜೊತೆ ಜೆಟ್ ಸ್ಟ್ರೀಮ್‌ನ ಸ್ವರೂಪವನ್ನು ಬಿಡಿಸಿದವರಲ್ಲೂ ಅವರೊಬ್ಬರು. ಅಂದರೆ ಎರಡೂ ಜಾತಿಯ ಬಿರುಗಾಳಿಗಳನ್ನು ಒಳಗಿನಿಂದ ಬಲ್ಲ ಮನುಷ್ಯ. 1958ರಲ್ಲಿ ‘ಟೆಲ್ಲಸ್’ ಪತ್ರಿಕೆಯಲ್ಲಿ ಅವರು ಹೇಜಲ್ ಮೇಲೆ ಬರೆದ ಲೇಖನ ಇಂದಿಗೂ ಈ ವಿಷಯದ ಮೊದಲ ದೊಡ್ಡ ಕೆಲಸಗಳಲ್ಲಿ ಒಂದು.

ಆಗ ಉಪಗ್ರಹವಿಲ್ಲ. ಬಲೂನುಗಳಿಗೆ ಕಟ್ಟಿ ಹಾರಿಬಿಟ್ಟ ರೇಡಿಯೊಸಾಂಡ್ ಉಪಕರಣಗಳು ಕಳಿಸಿದ ಉಷ್ಣತೆ, ತೇವ, ಗಾಳಿಯ ಅಂಕಿಗಳು ಮಾತ್ರ ಆಧಾರ. ಅವನ್ನು ಎತ್ತರವಾರು ನಕಾಶೆಗಳ ಮೇಲೆ ಗುರುತಿಸಿ, ಸಮಭಾರ ರೇಖೆಗಳನ್ನೂ ಸಮೋಷ್ಣ ರೇಖೆಗಳನ್ನೂ ಕೈಯಲ್ಲೇ ಎಳೆದು, ಎಲ್ಲಿ ಗಾಳಿ ಏರುತ್ತಿದೆ, ಎಲ್ಲಿ ಇಳಿಯುತ್ತಿದೆ ಎಂದು ಲೆಕ್ಕ ತೆಗೆಯಬೇಕು. ಗಾಳಿಯ ಏರಿಳಿತವನ್ನು ಯಾವ ಉಪಕರಣವೂ ನೇರವಾಗಿ ಅಳೆದು ಕೊಡುತ್ತಿರಲಿಲ್ಲ. ಒಂದು ಪ್ರದೇಶಕ್ಕೆ ಅಡ್ಡಡ್ಡವಾಗಿ ಬಂದ ಗಾಳಿ ಎಷ್ಟು, ಹೊರಟದ್ದು ಎಷ್ಟು ಎಂದು ನೋಡಿ, ಉಳಿಕೆಯಿಂದ ಊಹಿಸಬೇಕಿತ್ತು. ಅಷ್ಟು ಮಾಡಿ ಪಾಲ್ಮೆನ್ ಕಂಡದ್ದು ಇದು: ಹೇಜಲ್‌ನ ಪಶ್ಚಿಮಕ್ಕೆ ತಂಪು ಗಾಳಿ ಇಳಿಯುತ್ತಿತ್ತು, ಪೂರ್ವ ಮತ್ತು ಉತ್ತರಕ್ಕೆ ಬೆಚ್ಚಗಿನ ತೇವದ ಗಾಳಿ ಏರುತ್ತಿತ್ತು. ಈ ಏರಿಳಿತದಲ್ಲಿ ಹುಟ್ಟಿದ ಚಲನಶಕ್ತಿ ಬಿರುಗಾಳಿಯ ಸ್ವಂತ ಖರ್ಚಿಗೆ ಆಗಿ ಮಿಗುವಷ್ಟಿತ್ತು. ಮಿಕ್ಕದ್ದು ಸುತ್ತಲಿನ ಪಶ್ಚಿಮ ಮಾರುತಗಳಿಗೆ ಹೋಯಿತು. ಸಾಯುತ್ತಿದೆ ಎಂದುಕೊಂಡಿದ್ದ ಬಿರುಗಾಳಿ ತನ್ನ ಸುತ್ತಲಿನ ವಾತಾವರಣಕ್ಕೇ ಶಕ್ತಿ ಹಂಚುತ್ತಿತ್ತು. ಪೆನ್ಸಿಲ್ಲು, ಕಾಗದ, ಲೆಕ್ಕದ ಪಟ್ಟಿಗಳಿಂದ ಇದನ್ನು ಹೊರತೆಗೆದದ್ದು ನನ್ನ ಮಟ್ಟಿಗೆ ದೊಡ್ಡ ಸಾಧನೆ.

ಪಾಲ್ಮೆನ್ ಲೆಕ್ಕ ಹಾಕಿದ್ದು ನಾಲ್ಕು ವರ್ಷದ ನಂತರ. ಮೇಜಿನ ಮುಂದೆ ಕೂತ ಮುನ್ಸೂಚಕರಿಗೆ ಅಷ್ಟು ಬಿಡುವಿಲ್ಲ. ಮುಂದಿನ ಪ್ರಕಟಣೆ ಕೆಲವೇ ಗಂಟೆಗಳಲ್ಲಿ ಹೊರಡಬೇಕು. ಬಹುಕಾಲ ಈ ತೀರ್ಮಾನ ಅನುಭವಿಗಳ ಕಣ್ಣಿನ ಮೇಲೆ ನಿಂತಿತ್ತು. ಉಪಗ್ರಹದ ಚಿತ್ರ ನೋಡಿ ಒಬ್ಬರು ‘ಇನ್ನೂ ಚಂಡಮಾರುತವೇ’ ಎಂದರೆ ಇನ್ನೊಬ್ಬರು ‘ಆಗಲೇ ಬದಲಾಗಿದೆ’ ಎನ್ನಬಹುದಿತ್ತು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸಂಶೋಧನೆ ಮಾಡುತ್ತಿದ್ದ ರಾಬರ್ಟ್ ಹಾರ್ಟ್ 2003ರಲ್ಲಿ ಇದಕ್ಕೊಂದು ಅಳತೆಗೋಲು ಕೊಟ್ಟರು. ಅದು ಎಷ್ಟು ಸರಳ, ಎಷ್ಟು ಜಾಣತನದ್ದು ಎಂಬುದು ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ.

ಬಿರುಗಾಳಿಯ ಕೇಂದ್ರಕ್ಕೆ ಕೈವಾರದ ಮೊನೆ ಊರಿ 500 ಕಿ.ಮೀ. ತ್ರಿಜ್ಯದ ವೃತ್ತ ಎಳೆಯಿರಿ. ಬಿರುಗಾಳಿ ಯಾವ ದಿಕ್ಕಿಗೆ ಸಾಗುತ್ತಿದೆಯೋ ಆ ದಿಕ್ಕಿಗೆ ಕೇಂದ್ರದ ಮೂಲಕ ಗೆರೆ ಹಾಕಿ, ವೃತ್ತವನ್ನು ಎಡ ಬಲ ಎಂದು ಎರಡು ಹೋಳು ಮಾಡಿ. ಈಗ ಎರಡೂ ಹೋಳಿನಲ್ಲಿ ಗಾಳಿಯ ಒಂದು ಪದರದ ದಪ್ಪ ಅಳೆಯಿರಿ: ವಾಯುಭಾರ 900 ಹೆಕ್ಟೊಪಾಸ್ಕಲ್ ಇರುವ ಎತ್ತರದಿಂದ 600 ಇರುವ ಎತ್ತರದವರೆಗೆ, ಅಂದರೆ ಸುಮಾರಾಗಿ ಒಂದು ಕಿ.ಮೀ.ಯಿಂದ ನಾಲ್ಕು ಕಿ.ಮೀ. ಎತ್ತರದವರೆಗಿನ ಪದರ. ಬಿಸಿ ಗಾಳಿ ಹಿಗ್ಗುತ್ತದೆ, ಹಾಗಾಗಿ ಬಿಸಿ ಇದ್ದ ಕಡೆ ಪದರ ದಪ್ಪ, ತಂಪಿದ್ದ ಕಡೆ ತೆಳು. ಬಲದ ಸರಾಸರಿಯಿಂದ ಎಡದ ಸರಾಸರಿ ಕಳೆಯಿರಿ. ಅಪ್ಪಟ ಚಂಡಮಾರುತಕ್ಕೆ ಎಲ್ಲ ಮಗ್ಗುಲೂ ಒಂದೇ, ಉತ್ತರ ಸೊನ್ನೆಯ ಹತ್ತಿರ ಬರುತ್ತದೆ. ಫ್ರಂಟ್ ಹುಟ್ಟಿಕೊಂಡಂತೆ ಎಡಕ್ಕೆ ತಂಪು, ಬಲಕ್ಕೆ ಬಿಸಿಯಾಗಿ ವ್ಯತ್ಯಾಸ ಬೆಳೆಯುತ್ತದೆ. ಅದು 10 ಮೀಟರ್ ದಾಟಿತೆಂದರೆ ರೂಪಾಂತರ ಶುರುವಾಯಿತು ಎಂದು ಲೆಕ್ಕ.

ಸುಮಾರು ಮೂರು ಕಿ.ಮೀ. ದಪ್ಪದ, ಸಾವಿರ ಕಿ.ಮೀ. ಅಗಲದ ಗಾಳಿಯ ರಾಶಿಯಲ್ಲಿ 10 ಮೀಟರ್ ಎಂದರೆ ಎಷ್ಟು ಸಣ್ಣ ಅಂತರ ಎಂದು ಯೋಚಿಸಿ. ನೆಲದ ಮೇಲೆ ನಿಂತವರಿಗೆ ಆಗಿನ್ನೂ ಏನೂ ಬೇರೆಯಾಗಿ ಕಾಣುವುದಿಲ್ಲ.

ಇನ್ನೆರಡು ಅಳತೆಗಳು ಬಿರುಗಾಳಿಯ ಹೊಟ್ಟೆ ಬಿಸಿಯೋ ತಂಪೋ ಎಂದು ಹೇಳುತ್ತವೆ, ಒಂದು ವಾತಾವರಣದ ಕೆಳಭಾಗಕ್ಕೆ, ಇನ್ನೊಂದು ಮೇಲ್ಭಾಗಕ್ಕೆ. ಎತ್ತರಕ್ಕೆ ಹೋದಂತೆ ಸುಳಿಯ ಬಿರುಸು ಕುಗ್ಗುತ್ತಿದ್ದರೆ ಬಿಸಿ ಹೊಟ್ಟೆ, ಹಿಗ್ಗುತ್ತಿದ್ದರೆ ತಂಪು. ಕೆಳಭಾಗವೂ ತಂಪಾಯಿತೆಂದರೆ ರೂಪಾಂತರ ಮುಗಿಯಿತು. ಈ ಮೂರು ಅಂಕಿಗಳನ್ನು ಆರಾರು ಗಂಟೆಗೊಮ್ಮೆ ಗ್ರಾಫ್ ಮೇಲೆ ಚುಕ್ಕೆಯಿಟ್ಟು ಜೋಡಿಸಿದರೆ ಬಿರುಗಾಳಿಯ ಇಡೀ ಬಾಳು ಒಂದು ಗೆರೆಯಾಗಿ ಕಾಣುತ್ತದೆ. ಕೆಲವು ಗೆರೆಗಳು ನೇರ ಹೋಗುತ್ತವೆ, ಕೆಲವು ಹಾದಿಯಲ್ಲಿ ಸುತ್ತು ಹೊಡೆಯುತ್ತವೆ. ತಂಪಾದ ಮೇಲೂ ತಳದಲ್ಲಿ ಒಂದಿಷ್ಟು ಬಿಸಿ ಗಾಳಿಯನ್ನು ಒಳಗೆ ಸುತ್ತಿಕೊಂಡು ಮತ್ತೆ ಬಿರುಸಾಗುವ ಜಾತಿಯೂ ಇದೆ. ಹಾರ್ಟ್ ಮತ್ತು ಜೆನ್ನಿ ಎವನ್ಸ್ ಅಟ್ಲಾಂಟಿಕ್‌ನ ಹಳೆಯ ದಾಖಲೆಗಳನ್ನು ಜಾಲಾಡಿದಾಗ ಅಲ್ಲಿನ ಚಂಡಮಾರುತಗಳಲ್ಲಿ ಅರ್ಧಕ್ಕೆ ಹತ್ತಿರ, ಶೇ 46ರಷ್ಟು, ಹೀಗೆ ರೂಪ ಬದಲಿಸಿದವು ಎಂದು ಕಂಡುಬಂತು. ಚಂಡಮಾರುತ ಇದೆ ಅಥವಾ ಇಲ್ಲ ಎಂಬ ಹಳೆಯ ಎರಡೇ ಉತ್ತರಗಳ ಜಾಗದಲ್ಲಿ ನಡುವಿನ ನೂರು ಸ್ಥಿತಿಗಳಿಗೆ ಈ ಗ್ರಾಫ್ ಜಾಗ ಮಾಡಿಕೊಟ್ಟಿತು. ಅದಕ್ಕೇ ನನಗೆ ಇದು ಇಷ್ಟ.

ಇನ್ನು ಮಳೆ. ಇದರಲ್ಲಿ ಮೇಲ್ನೋಟಕ್ಕೆ ಒಂದು ಒಗಟಿದೆ. ಗಂಟೆಗೆ 80 ಕಿ.ಮೀ. ಓಡುವ ಬಿರುಗಾಳಿ ಒಂದೇ ಊರಿನ ಮೇಲೆ ಎಷ್ಟು ಹೊತ್ತು ನಿಂತೀತು? ನಿಧಾನವಾಗಿ ಹೋಗುವುದೇ ಹೆಚ್ಚು ಸುರಿಸಬೇಕಲ್ಲವೇ? ಉತ್ತರ ಏನೆಂದರೆ, ಕೇಂದ್ರ ಓಡುತ್ತದೆ, ಮಳೆಯ ಪಟ್ಟಿ ಅದಕ್ಕಿಂತ ಬಹಳ ಮುಂದಕ್ಕೆ ಚಾಚಿಕೊಂಡಿರುತ್ತದೆ. ಕೇಂದ್ರ ಬರುವುದಕ್ಕೆ ಎಷ್ಟೋ ಗಂಟೆ ಮುಂಚೆ ಫ್ರಂಟ್ ಮೇಲೆ ಮಳೆ ಹಿಡಿದಿರುತ್ತದೆ. ಜೊತೆಗೆ ಬಿಸಿ ಗಾಳಿ ಒಂದೊಂದು ಡಿಗ್ರಿಗೂ ಶೇ 7ರಷ್ಟು ಹೆಚ್ಚು ನೀರಾವಿ ಹೊರಬಲ್ಲದು. ಸಮಶೀತೋಷ್ಣ ವಲಯದ ಸಾಮಾನ್ಯ ಬಿರುಗಾಳಿಗೆ ಇಂಥ ದಟ್ಟ ನೀರಾವಿ ಸಿಗುವುದು ಅಪರೂಪ, ಉಷ್ಣವಲಯದ ಚಂಡಮಾರುತಕ್ಕೆ ಇಂಥ ಫ್ರಂಟ್ ಸಿಗುವುದಿಲ್ಲ. ರೂಪ ಬದಲಿಸುತ್ತಿರುವ ಬಿರುಗಾಳಿಗೆ ಎರಡೂ ಒಟ್ಟಿಗೆ ಸಿಕ್ಕಿರುತ್ತವೆ.

ಉತ್ತರಾರ್ಧಗೋಳದ ಮುನ್ಸೂಚಕರು ಇಲ್ಲಿ ಒಂದು ಕೈಗುರುತು ಇಟ್ಟುಕೊಂಡಿರುತ್ತಾರೆ: ಗಾಳಿ ಬಲಕ್ಕೆ, ಮಳೆ ಎಡಕ್ಕೆ. ಬಿರುಗಾಳಿ ಸಾಗುವ ದಿಕ್ಕಿಗೆ ಮುಖ ಮಾಡಿ ನಿಂತರೆ, ಬಲಗಡೆ ಸುಳಿಯ ವೇಗಕ್ಕೆ ಓಟದ ವೇಗವೂ ಕೂಡಿಕೊಂಡು ಗಾಳಿ ಹೆಚ್ಚು. ಎಡಗಡೆ, ತಂಪು ಗಾಳಿ ಇರುವಲ್ಲಿ, ಮಳೆ ಹೆಚ್ಚು. ಹೇಜಲ್ ಬಂದಾಗ ಅತಿ ಜೋರು ಮಳೆ ನಗರದ ವಾಯವ್ಯದಲ್ಲಿ ಬಿದ್ದದ್ದು ಈ ಗುರುತಿಗೆ ಹೊಂದುತ್ತದೆ. 1999ರ ಸೆಪ್ಟೆಂಬರ್‌ನಲ್ಲಿ ಉತ್ತರ ಕ್ಯಾರೊಲಿನಾಕ್ಕೆ ಬಂದ ಫ್ಲಾಯ್ಡ್ ಕೂಡ ಕರಾವಳಿಯ ಉದ್ದಕ್ಕೂ ಒಂದು ಫ್ರಂಟ್ ಕಟ್ಟಿಕೊಂಡು ವಿಲ್ಮಿಂಗ್ಟನ್‌ನಲ್ಲಿ 484 ಮಿ.ಮೀ. ಸುರಿಸಿತು. ಕೆಲವೇ ದಿನ ಮುಂಚೆ ಡೆನಿಸ್ ಎಂಬ ಇನ್ನೊಂದು ಚಂಡಮಾರುತ ಅಲ್ಲಿನ ನೆಲ ನೆನೆಸಿ ಹೋಗಿತ್ತು. ಗುಲಾಮಗಿರಿಯಿಂದ ಬಿಡುಗಡೆಯಾದ ಕರಿಯರು ಕಟ್ಟಿದ ಪ್ರಿನ್ಸ್‌ವಿಲ್ ಎಂಬ ಊರು ಟಾರ್ ನದಿಯಲ್ಲಿ ಮುಳುಗಿತು.

ಬೆಟ್ಟವೂ ಸೇರಿದರೆ ಕೇಳುವುದೇ ಬೇಡ. 2019ರ ಅಕ್ಟೋಬರ್ 12ರಂದು ಜಪಾನಿಗೆ ಬಂದ ಹಗಿಬಿಸ್ ಎಂಬ ಚಂಡಮಾರುತ ಹಕೋನೆಯ ಬೆಟ್ಟಗಳಲ್ಲಿ ಒಂದೇ ದಿನ 922.5 ಮಿ.ಮೀ. ಮಳೆ ಸುರಿಸಿತು. ಜಪಾನಿನ ಒಂದು ದಿನದ ದಾಖಲೆ ಅದು. ನಾಗಾನೊದಲ್ಲಿ ಚಿಕುಮಾ ನದಿಯ ಒಡ್ಡು ಒಡೆದು ಡಿಪೋದಲ್ಲಿ ನಿಂತಿದ್ದ 10 ಬುಲೆಟ್ ರೈಲುಗಳ 120 ಬೋಗಿಗಳು ನೀರಿನಲ್ಲಿ ನಿಂತವು. ಕೇಂದ್ರ ಹಾದುಹೋದದ್ದು ಟೋಕಿಯೊ ಕಡೆ, ಚಿಕುಮಾ ಕಣಿವೆ ಇರುವುದು ಅದರ ಎಡಕ್ಕೆ.

ಗಾಳಿಯ ಅಂಕಿಯನ್ನೇ ನಂಬಿದರೆ ಎಷ್ಟು ಮೋಸ ಹೋಗಬಹುದು ಎಂಬುದಕ್ಕೆ 1972ರ ಆಗ್ನೆಸ್ ಇದೆ. ಜೂನ್‌ನಲ್ಲಿ ಫ್ಲಾರಿಡಾಕ್ಕೆ ಬಂದಾಗಲೇ ಅದು ಹರಿಕೇನ್‌ಗಳ ಪೈಕಿ ಅತಿ ಕೆಳಗಿನ ದರ್ಜೆಯದು. ಜಾರ್ಜಿಯಾ ದಾಟುವಾಗ ವಾಯುಭಾರ ಕುಸಿತದ ಮಟ್ಟಕ್ಕೆ ಇಳಿದಿತ್ತು. ಮತ್ತೆ ಸಮುದ್ರಕ್ಕೆ ಇಳಿದು, ನ್ಯೂಯಾರ್ಕ್ ಬಳಿ ನೆಲ ಹತ್ತಿ, ಪಶ್ಚಿಮದಿಂದ ಬಂದ ಇನ್ನೊಂದು ಕುಸಿತದ ಜೊತೆ ಬೆರೆತು ಪೆನ್ಸಿಲ್ವೇನಿಯಾದ ಮೇಲೆ ಸುತ್ತು ಹೊಡೆಯಿತು. ಆ ರಾಜ್ಯದ ಒಂದು ಕಡೆ ಮಳೆ 480 ಮಿ.ಮೀ. ಮುಟ್ಟಿತು. ಸಸ್ಕ್ವೆಹಾನಾ ನದಿ ವಿಲ್ಕ್ಸ್-ಬಾರೆ ಪಟ್ಟಣದ ಒಡ್ಡಿನ ಮೇಲೆ ಹರಿಯಿತು. ಅಲ್ಲಿಯವರೆಗೆ ಅಮೆರಿಕ ಕಂಡ ಹರಿಕೇನ್‌ಗಳಲ್ಲೇ ಅತಿ ಹೆಚ್ಚು ಆಸ್ತಿ ನಷ್ಟ ಮಾಡಿದ್ದು ಆ ದುರ್ಬಲ ಆಗ್ನೆಸ್.

ಇದಕ್ಕಿಂತ ಬೆರಗಿನ ಸಂಗತಿ ಇನ್ನೊಂದಿದೆ. ಚಂಡಮಾರುತ ಎಲ್ಲೋ ಇರುತ್ತದೆ, ಅದರಿಂದ ಸಾವಿರ ಕಿ.ಮೀ. ಮುಂದೆ, ಒಂದು ದಿನ ಒಂದೂವರೆ ದಿನ ಮುಂಚೆಯೇ, ಬೇರೊಂದು ಊರಿನಲ್ಲಿ ಮಳೆ ಬಾನು ಹರಿದಂತೆ ಸುರಿಯುತ್ತದೆ. ಚಂಡಮಾರುತದ ಪೂರ್ವ ಮಗ್ಗುಲಿನಿಂದ ಕಳಚಿಕೊಂಡ ನೀರಾವಿಯ ಹರಿವು ಉತ್ತರಕ್ಕೆ ಹರಿದು, ದೂರದ ಫ್ರಂಟ್ ಒಂದಕ್ಕೆ ತಾಗಿ, ಮೇಲಿನ ಜೆಟ್ ಸ್ಟ್ರೀಮ್ ಗಾಳಿಯನ್ನು ಎಳೆದುಕೊಳ್ಳುವ ಜಾಗಕ್ಕೆ ಸರಿಯಾಗಿ ಸಿಕ್ಕಿದಾಗ ಹೀಗಾಗುತ್ತದೆ. 2007ರ ಆಗಸ್ಟ್‌ನಲ್ಲಿ ಎರಿನ್ ಎಂಬ ಸಾಧಾರಣ ಚಂಡಮಾರುತ ಟೆಕ್ಸಸ್ ಕಡೆ ಇದ್ದಾಗ, ದೂರದ ಮಿನ್ನೆಸೋಟಾದ ಹೋಕಾ ಎಂಬ ಸಣ್ಣ ಊರಿನಲ್ಲಿ 24 ಗಂಟೆಯಲ್ಲಿ 380 ಮಿ.ಮೀ.ಗೂ ಹೆಚ್ಚು ಮಳೆಯಾಯಿತು. ಆ ರಾಜ್ಯದ ದಾಖಲೆ ಅದು. ಹೋಕಾದ ಜನರಿಗೆ ತಮ್ಮ ಹಳ್ಳ ತುಂಬಿಸಿದ ನೀರಿಗೂ ಟೆಕ್ಸಸ್‌ನ ಚಂಡಮಾರುತಕ್ಕೂ ನಂಟಿದೆ ಎಂದು ಹೇಗೆ ತಿಳಿಯಬೇಕು?

ನಂಟು ಇದೆಯೇ ಎಂದು ಪರೀಕ್ಷಿಸಿದ ರೀತಿ ಕಸುಬಿನ ಸೊಗಸನ್ನು ತೋರಿಸುತ್ತದೆ. ವಿಜ್ಞಾನಿಗಳು ಆ ದಿನಗಳ ವಾತಾವರಣವನ್ನು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟಿದರು. ಒಮ್ಮೆ ಇದ್ದದ್ದು ಇದ್ದ ಹಾಗೆ ಓಡಿಸಿದರು. ಇನ್ನೊಮ್ಮೆ ಎರಿನ್ ತಂದ ನೀರಾವಿಯನ್ನು ಮಾತ್ರ ಆರಂಭದ ಚಿತ್ರದಿಂದ ತೆಗೆದುಹಾಕಿ ಓಡಿಸಿದರು. ಎರಡನೆಯ ಸಲವೂ ಮಳೆ ಬಂತು, ಪ್ರಮಾಣ ಕುಗ್ಗಿತು. ಫ್ರಂಟ್‌ಗೂ ಜೆಟ್‌ಗೂ ತಮ್ಮದೇ ಮಳೆ ತರುವ ಶಕ್ತಿ ಇತ್ತು, ದಾಖಲೆ ಮುರಿಯುವಷ್ಟು ಮಾಡಿದ್ದು ಎರಿನ್‌ನ ನೀರಾವಿ ಎಂದು ಹೀಗೆ ಗೊತ್ತಾಯಿತು.

ಇಷ್ಟೆಲ್ಲ ತಿಳಿದ ಮೇಲೂ ಮುನ್ಸೂಚನೆ ಸುಲಭವಾಗಿಲ್ಲ. ಎಲ್ಲವೂ ಹೊತ್ತಿನ ಮೇಲೆ ನಿಂತಿದೆ. ಜೆಟ್ ಸ್ಟ್ರೀಮ್ ದಕ್ಷಿಣಕ್ಕೆ ಬಾಗಿರುವ ಕಡೆ, ಆ ಬಾಗಿನ ಪೂರ್ವಕ್ಕೆ ಸರಿಯಾದ ಸಮಯಕ್ಕೆ ಚಂಡಮಾರುತ ಬಂದರೆ ಮೇಲಿನಿಂದ ಗಾಳಿ ಸೆಳೆಯಲ್ಪಟ್ಟು ಅದು ಮತ್ತೆ ಬಿರುಸಾಗುತ್ತದೆ. ಕೆಲವೇ ಗಂಟೆ ತಡವಾದರೆ ಬಾಗು ಮುಂದೆ ಹೋಗಿರುತ್ತದೆ, ಚಂಡಮಾರುತ ತಣ್ಣನೆಯ ಸಮುದ್ರದ ಮೇಲೆ ಸೊರಗಿ ಹೋಗುತ್ತದೆ. ಅದಲ್ಲದೆ ಚಂಡಮಾರುತ ತಾನು ಮೇಲಕ್ಕೆ ಕಳಿಸಿದ ಗಾಳಿಯಿಂದ ಜೆಟ್ ಸ್ಟ್ರೀಮ್‌ನ ದಾರಿಯನ್ನೇ ಬಗ್ಗಿಸುತ್ತದೆ. ಹಾಗಾಗಿ ಅಮೆರಿಕದ ಪೂರ್ವ ಕರಾವಳಿಯಲ್ಲಿ ಲೆಕ್ಕ ಸ್ವಲ್ಪ ತಪ್ಪಿದರೆ ಕೆಲವು ದಿನಗಳ ಮೇಲೆ ಯುರೋಪಿನ ಮುನ್ಸೂಚನೆಯೂ ತಪ್ಪುತ್ತದೆ. ಅದಕ್ಕೇ ಈಗ ಕಂಪ್ಯೂಟರ್ ಮಾದರಿಯನ್ನು ಒಮ್ಮೆ ಓಡಿಸಿ ಸುಮ್ಮನಾಗುವುದಿಲ್ಲ. ಆರಂಭದ ಅಂಕಿಗಳನ್ನು ಚೂರುಚೂರು ಬದಲಿಸಿ ಹತ್ತಾರು ಸಲ ಓಡಿಸುತ್ತಾರೆ, ಎಷ್ಟು ಸಲ ಒಂದೇ ಉತ್ತರ ಬಂತು ಎಂದು ನೋಡುತ್ತಾರೆ.

ಮಾತು ಹೇಗೆ ಆಡಬೇಕು ಎಂಬುದೂ ಕಸುಬಿನ ಭಾಗ. 2012ರ ಅಕ್ಟೋಬರ್‌ನಲ್ಲಿ ಸ್ಯಾಂಡಿ ಎಂಬ ಹರಿಕೇನ್ ಅಮೆರಿಕದ ನ್ಯೂಜೆರ್ಸಿಗೆ ಬರುವ ಹೊತ್ತಿಗೆ ರೂಪ ಬದಲಿಸುತ್ತದೆ ಎಂದು ಮುನ್ಸೂಚಕರಿಗೆ ಮೊದಲೇ ತಿಳಿದಿತ್ತು. ಅದು ಹರಿಕೇನ್ ಆಗಿ ಉಳಿಯುವುದಿಲ್ಲವಾದ್ದರಿಂದ ಆಗಿನ ನಿಯಮದಂತೆ ಆ ಕರಾವಳಿಗೆ ಹರಿಕೇನ್ ಎಚ್ಚರಿಕೆ ಕೊಡಲಿಲ್ಲ, ಬೇರೆ ಹೆಸರಿನ ಎಚ್ಚರಿಕೆಗಳನ್ನು ಕೊಟ್ಟರು. ವಿಜ್ಞಾನ ಸರಿಯಿತ್ತು, ಸಾಮಾನ್ಯ ಜನರಿಗೆ ಮುಟ್ಟಬೇಕಾದ ಮಾತು ಮಸುಕಾಯಿತು. 2013ರಲ್ಲಿ ನಿಯಮ ತಿದ್ದಿದರು: ಬಿರುಗಾಳಿ ಜಾತಿ ಬದಲಿಸಿದರೂ ಅಪಾಯ ಇರುವವರೆಗೆ ಎಚ್ಚರಿಕೆಯ ಹೆಸರು ಬದಲಿಸಬೇಕಿಲ್ಲ. 1987ರಲ್ಲಿ ಶುರುವಾದ ಕೆನಡಾದ ಹರಿಕೇನ್ ಕೇಂದ್ರಕ್ಕಂತೂ ಇಂಥ ರೂಪ ಬದಲಿಸಿದ ಅತಿಥಿಗಳೇ ನಿತ್ಯದ ಕೆಲಸ. 2022ರ ಸೆಪ್ಟೆಂಬರ್‌ನಲ್ಲಿ ಫಿಯೋನಾ ನೋವಾ ಸ್ಕೋಷಿಯಾಕ್ಕೆ ಬಂದಾಗ, ಇದು ಚರಿತ್ರೆಯಲ್ಲಿ ಉಳಿಯುವಂಥದ್ದು ಎಂದು ಆ ಕೇಂದ್ರ ಮೊದಲೇ ಗಟ್ಟಿಯಾಗಿ ಹೇಳಿತ್ತು. ಬಂದದ್ದು ಹರಿಕೇನ್ ಅಲ್ಲ, ರೂಪಾಂತರ ಮುಗಿಸಿದ ಬಿರುಗಾಳಿ. ಆದರೆ ಆಗ ಅಳೆದ ಸುಮಾರು 933 ಹೆಕ್ಟೊಪಾಸ್ಕಲ್‌ನಷ್ಟು ಕಡಿಮೆ ವಾಯುಭಾರವನ್ನು ಕೆನಡಾದ ನೆಲ ಅದುವರೆಗೆ ಕಂಡಿರಲಿಲ್ಲ.

ಮಳೆಯ ಓದು ಎಂಜಿನಿಯರುಗಳ ಕೈಗೂ ಹೋಗಿದೆ. ದಕ್ಷಿಣ ಒಂಟಾರಿಯೊದ ಬಹಳಷ್ಟು ನದಿಗಳಿಗೆ ಪ್ರವಾಹದ ಗಡಿ ಹಾಕುವಾಗ ಇಂದಿಗೂ ಹೇಜಲ್‌ನ ಮಳೆಯನ್ನೇ ಅಳತೆಗೆ ಹಿಡಿಯುತ್ತಾರೆ: 48 ಗಂಟೆಯಲ್ಲಿ 285 ಮಿ.ಮೀ., ಅದರಲ್ಲಿ ಕೊನೆಯ 12 ಗಂಟೆಗೆ 212. ಅದೇ ಮಳೆ ಈ ನದಿಯ ಬಯಲಿನ ಮೇಲೆ ಬಿದ್ದಿದ್ದರೆ ನೀರು ಎಲ್ಲಿಯವರೆಗೆ ಏರುತ್ತಿತ್ತು ಎಂದು ಗಂಟೆವಾರು ಲೆಕ್ಕ ಹಾಕಿ ಗೆರೆ ಎಳೆಯುತ್ತಾರೆ, ಗೆರೆಯ ಒಳಗೆ ಮನೆ ಕಟ್ಟಲು ಬಿಡುವುದಿಲ್ಲ. ಬ್ರಾಂಪ್ಟನ್, ಮಿಸ್ಸಿಸಾಗಾಗಳಲ್ಲಿ ನೆಲೆಸಿರುವ ನಮ್ಮ ಕನ್ನಡದ ಕುಟುಂಬಗಳು ಸಂಜೆ ಅಡ್ಡಾಡುವ ನದಿಯಂಚಿನ ಉದ್ಯಾನಗಳಲ್ಲಿ ಎಷ್ಟೋ ಹೀಗೆ ಖಾಲಿ ಬಿಟ್ಟ ಜಾಗಗಳೇ. ರೇಮೋರ್ ಡ್ರೈವ್‌ನಲ್ಲಿ ಮನೆಗಳು ಕೊಚ್ಚಿಹೋದ ನದಿಯಂಚು ಕೂಡ ಈಗ ಉದ್ಯಾನ.

ನಮ್ಮ ದೇಶದಲ್ಲಿ ಇಂಥದ್ದು ಯಾಕೆ ಅಪರೂಪ ಎಂದರೆ ಎರಡು ಕಾರಣ. ಉತ್ತರದ ತಂಪು ಗಾಳಿಯನ್ನು ಹಿಮಾಲಯ ತಡೆಯುತ್ತದೆ. ಮತ್ತೆ, ಮಳೆಗಾಲದಲ್ಲಿ ಜೆಟ್ ಸ್ಟ್ರೀಮ್ ಹಿಮಾಲಯದ ಆಚೆಗೆ ಸರಿದುಬಿಡುತ್ತದೆ. ಆದರೆ ಮುಂಗಾರಿಗೆ ಮುಂಚೆ ಮೇ ತಿಂಗಳಲ್ಲಿ, ಮುಂಗಾರು ಮುಗಿದ ಮೇಲೆ ಅಕ್ಟೋಬರ್‌ನಲ್ಲಿ ಅದರ ಬಾಗುಗಳು ಉತ್ತರ ಭಾರತದ ಮೇಲೆ ಹಾಯುವುದುಂಟು. ನಮ್ಮ ಹವಾಮಾನ ಇಲಾಖೆಯವರು ವೆಸ್ಟರ್ನ್ ಡಿಸ್ಟರ್ಬೆನ್ಸ್ ಎನ್ನುವುದು ಇಂಥ ಬಾಗುಗಳ ಜೊತೆ ಬರುವ ಕುಸಿತಗಳನ್ನೇ. 2014ರ ಅಕ್ಟೋಬರ್‌ನಲ್ಲಿ ವಿಶಾಖಪಟ್ಟಣಕ್ಕೆ ಅಪ್ಪಳಿಸಿದ ಹುಡ್‌ಹುಡ್‌ನ ಉಳಿಕೆ ಅಂಥದ್ದೊಂದರ ಕೈಗೆ ಸಿಕ್ಕಿ ನೇಪಾಳದ ಅನ್ನಪೂರ್ಣ ಪರ್ವತಗಳಲ್ಲಿ ಭೀಕರ ಹಿಮಪಾತವಾಯಿತು, 40ಕ್ಕೂ ಹೆಚ್ಚು ಜನ ಸತ್ತರು. 2021ರ ಮೇ ತಿಂಗಳ ತೌಕ್ತೆ ನಮ್ಮ ಕರಾವಳಿಯವರಿಗೆ ಚೆನ್ನಾಗಿ ನೆನಪಿದೆ: ಉಡುಪಿ, ದಕ್ಷಿಣ ಕನ್ನಡ, ಉತ್ತರ ಕನ್ನಡದ ಕಡಲಂಚನ್ನು ಕೊರೆದು ಗುಜರಾತಿಗೆ ಹೋಯಿತು. 17ರ ರಾತ್ರಿ ಅಲ್ಲಿ ನೆಲ ಮುಟ್ಟಿ ಸೊರಗಿತು. ಅದರ ನೀರಾವಿ ಈಶಾನ್ಯಕ್ಕೆ ಸಾಗಿ ವೆಸ್ಟರ್ನ್ ಡಿಸ್ಟರ್ಬೆನ್ಸ್ ಜೊತೆ ಕೂಡಿತು. 20ರ ಬೆಳಿಗ್ಗೆಗೆ ಮುಗಿದ 24 ಗಂಟೆಯಲ್ಲಿ ದೆಹಲಿಯ ಸಫ್ದರ್‌ಜಂಗ್‌ನಲ್ಲಿ 119.3 ಮಿ.ಮೀ. ಮಳೆಯಾಯಿತು. ಮೇ ತಿಂಗಳಲ್ಲಿ ಒಂದೇ ದಿನ ಅಷ್ಟು ಮಳೆಯನ್ನು ಆ ಊರು ಹಿಂದೆಂದೂ ಕಂಡಿರಲಿಲ್ಲ. ಬಿಸಿಲಿಗೆ ಕಾಯುವ ಆ ದಿನಗಳಲ್ಲಿ ಹಗಲಿನ ಗರಿಷ್ಠ ಉಷ್ಣತೆ 24 ಡಿಗ್ರಿಯನ್ನೂ ಮುಟ್ಟಲಿಲ್ಲ. ತೌಕ್ತೆ ಹೇಜಲ್‌ನಂತೆ ಪೂರ್ತಿ ರೂಪ ಬದಲಿಸಿದ್ದಲ್ಲ, ತನ್ನ ನೀರಾವಿಯನ್ನು ಇನ್ನೊಂದಕ್ಕೆ ಒಪ್ಪಿಸಿ ಕರಗಿದ್ದು. ಮೇ ಮತ್ತು ಅಕ್ಟೋಬರ್‌ನಲ್ಲಿ ಅರಬ್ಬಿ ಸಮುದ್ರದಲ್ಲೋ ಬಂಗಾಳ ಕೊಲ್ಲಿಯಲ್ಲೋ ಚಂಡಮಾರುತ ಎದ್ದಾಗ ಅದು ಎಲ್ಲಿ ನೆಲ ಮುಟ್ಟುತ್ತದೆ ಎಂಬ ಗೆರೆಯ ಜೊತೆಗೆ, ಆ ಹೊತ್ತಿಗೆ ಪಾಕಿಸ್ತಾನ, ಅಫ್ಘಾನಿಸ್ತಾನದ ಮೇಲೆ ಜೆಟ್ ಸ್ಟ್ರೀಮ್ ಎಷ್ಟು ಬಾಗಿದೆ ಎಂಬ ನಕಾಶೆಯನ್ನೂ ನೋಡಬೇಕಾದದ್ದು ಇದಕ್ಕೇ.